ಬೇಹುಗಾರರ ಯುದ್ಧ ಸಿನಿಮಾ: ಮನೆಮಂದಿಯೆಲ್ಲ ಕೂತು ನೋಡಬಹುದೇ ಅಂತ ಅಳೆಯುವ ಬಗೆ

ಯುದ್ಧದ ಸಿನಿಮಾ ಅಂದರೆ ಎಷ್ಟು ಹೆಣ ಬೀಳುತ್ತವೆ ಅಂತ ಎಣಿಸುವವರೇ ಹೆಚ್ಚು. ಬೇಹುಗಾರರ ಸಿನಿಮಾಕ್ಕೆ ಆ ಲೆಕ್ಕ ಕೂಡುವುದಿಲ್ಲ. ಟ್ಯಾಂಕು ಸಿಡಿದು ದೂರದಲ್ಲಿ ಐನೂರು ಸೈನಿಕರು ಉರುಳಿದರೂ ಎಂಟು ವರ್ಷದ ಹುಡುಗ ಚುಡವಾ ಮೆಲ್ಲುತ್ತಲೇ ಇರುತ್ತಾನೆ. ಅದೇ ಹುಡುಗ ಒಂದು ಕೋಣೆ, ಒಂದು ಬಲ್ಬು, ಕುರ್ಚಿಗೆ ಕಟ್ಟಿದ ಒಬ್ಬ ಮನುಷ್ಯ, ಮೇಜಿನ ಮೇಲೆ ಒಂದು ಇಕ್ಕಳ, ಇಷ್ಟು ಕಂಡರೆ ಅವ್ವನ ಸೆರಗು ಹುಡುಕುತ್ತಾನೆ. ಅಷ್ಟೊತ್ತಿಗೆ ಯಾರೂ ಯಾರನ್ನೂ ಮುಟ್ಟಿರುವುದಿಲ್ಲ. ಹಾಗಾಗಿ ಇಂಥ ಸಿನಿಮಾ ಮನೆಮಂದಿಗೆ ಹೊಂದುತ್ತದೋ ಇಲ್ಲವೋ ಅಂತ ರಣರಂಗ ನೋಡಿ ತೀರ್ಮಾನಿಸಬೇಡಿ, ಆ ಕೋಣೆ ನೋಡಿ ತೀರ್ಮಾನಿಸಿ. ಕೋಣೆಯಲ್ಲಿ ಎಷ್ಟು ಹೊತ್ತು ಇರಿಸುತ್ತಾರೆ, ಕ್ಯಾಮೆರಾ ಎಷ್ಟು ಹತ್ತಿರ ಹೋಗುತ್ತದೆ, ಹಿಂಸೆ ಕೊಡುವವನು ಯಾರು: ಈ ಮೂರು ಗೊತ್ತಾದರೆ ಮುಕ್ಕಾಲು ಕೆಲಸ ಮುಗಿದಂತೆ.

ಕಲಬುರಗಿ, ಯಾದಗಿರಿ ಕಡೆ ಏಪ್ರಿಲ್, ಮೇ ಬಿಸಿಲು 42 ಡಿಗ್ರಿ ಮುಟ್ಟಿತೆಂದರೆ ರಜೆಗೆ ಬಂದ ಮಕ್ಕಳನ್ನು ಕಟ್ಟಿಕೊಂಡು ಮಧ್ಯಾಹ್ನದ ಆಟಕ್ಕೆ ಹೊರಡುವವರಿಗೆ ಸಿನಿಮಾಕ್ಕಿಂತ ಎಸಿ ಮುಖ್ಯ. ಪೋಸ್ಟರ್ ಮೇಲೆ ತಿರಂಗಾ ಕಂಡಿತು, ದೇಶಭಕ್ತಿಯ ಸಿನಿಮಾ, ಮಕ್ಕಳಿಗೂ ಒಳ್ಳೆಯದೇ ಅಂತ ಟಿಕೆಟ್ ತೆಗೆದುಬಿಡುತ್ತಾರೆ. ಎಡವುವುದು ಇಲ್ಲೇ. ದೇಶಭಕ್ತಿ ಕಥೆಯಲ್ಲಿರುವುದು, ಹಿಂಸೆ ಇರುವುದು ಕಥೆಯನ್ನು ತೋರಿಸುವ ರೀತಿಯಲ್ಲಿ. ಒಂದನ್ನು ನೋಡಿ ಇನ್ನೊಂದನ್ನು ಊಹಿಸಲು ಬರುವುದಿಲ್ಲ.

ಸರ್ಟಿಫಿಕೇಟ್ ಹೇಳುವುದು, ಹೇಳದೆ ಬಿಡುವುದು

ಥಿಯೇಟರಿಗೆ ಬರುವ ಸಿನಿಮಾಕ್ಕೆ 1952ರ ಸಿನಿಮಾಟೋಗ್ರಾಫ್ ಕಾಯ್ದೆಯ ಪ್ರಕಾರ ಕೇಂದ್ರ ಚಲನಚಿತ್ರ ಪ್ರಮಾಣೀಕರಣ ಮಂಡಳಿ ಸರ್ಟಿಫಿಕೇಟ್ ಕೊಡುತ್ತದೆ. ಎಲ್ಲರೂ ಸೆನ್ಸಾರ್ ಅನ್ನುವುದು ಇದಕ್ಕೇ. ‘ಯು’ ಎಲ್ಲರಿಗೂ, ‘ಎ’ 18 ತುಂಬಿದವರಿಗೆ ಮಾತ್ರ. ನಡುವಿನ ‘ಯುಎ’ ಮೊದಲು ಒಂದೇ ಇತ್ತು, 12ರ ಒಳಗಿನ ಮಕ್ಕಳಿಗೆ ಹೆತ್ತವರ ಮಾರ್ಗದರ್ಶನ ಬೇಕು ಅನ್ನುವ ಅರ್ಥದಲ್ಲಿ. 2023ರ ತಿದ್ದುಪಡಿ ಅದನ್ನು ಯುಎ 7+, ಯುಎ 13+, ಯುಎ 16+ ಎಂದು ಮೂರು ಮಾಡಿತು. ಹಳೆಯ ಸಿನಿಮಾಗಳ ಮೇಲೆ ಇವತ್ತಿಗೂ ಬರೀ ‘ಯುಎ’ ಅಂತಲೇ ಇರುತ್ತದೆ. ಅದನ್ನು 7+ ಅಂತ ಓದಿಕೊಳ್ಳಬೇಡಿ. ಈಗಿನ ಲೆಕ್ಕದಲ್ಲಿ 16+ಗೆ ಹೋಗಬೇಕಾದದ್ದೂ ಆ ಹಳೆಯ ಒಂದೇ ಚೀಲದಲ್ಲಿದೆ.

‘ಎ’ ಸಿನಿಮಾಕ್ಕೆ ಅಪ್ಪ ಅವ್ವ ಜತೆಗಿದ್ದರೂ 15 ವರ್ಷದವನನ್ನು ಒಳಗೆ ಬಿಡುವಂತಿಲ್ಲ. ಗೇಟಿನಲ್ಲಿ ಆಧಾರ್ ಕೇಳಿದರೆ ಜಗಳ ತೆಗೆದು ಉಪಯೋಗವಿಲ್ಲ. ಯುಎ ಹಾಗಲ್ಲ. ಅದು ಹೆತ್ತವರಿಗೆ ಕೊಟ್ಟ ಸಲಹೆ, ಗೇಟಿನವನು ತಡೆಯುವುದಿಲ್ಲ. ಏಳು ವರ್ಷದ ಮಗುವನ್ನು ಯುಎ 16+ ಸಿನಿಮಾಕ್ಕೆ ಕರೆದೊಯ್ದರೆ ಕೇಳುವವರಿಲ್ಲ, ಹಾಗಾಗಿ ಮನೆಯಲ್ಲೇ ಕೇಳಿಕೊಳ್ಳಬೇಕು.

ಒಟಿಟಿಯ, ಅಂದರೆ ನೆಟ್‌ಫ್ಲಿಕ್ಸ್‌ನಂಥ ಇಂಟರ್ನೆಟ್ ಸಿನಿಮಾ ಸೇವೆಗಳ ನಿಯಮ ಬೇರೆ. 2021ರ ಐಟಿ ನಿಯಮಗಳ ಪ್ರಕಾರ ಅಲ್ಲಿ ವಯಸ್ಸಿನ ಗುರುತು ಹಾಕುವುದು ಆಯಾ ಒಟಿಟಿ ಸಂಸ್ಥೆಯೇ, ಸೆನ್ಸಾರ್ ಮಂಡಳಿಯಲ್ಲ. ಹೀಗಾಗಿ ಥಿಯೇಟರಿನಲ್ಲಿ ಕತ್ತರಿ ಬಿದ್ದ ದೃಶ್ಯ ಒಟಿಟಿಯಲ್ಲಿ ಇಡಿಯಾಗಿ ಇರಬಹುದು. ಥಿಯೇಟರಿನಲ್ಲಿ ನೋಡಿ ಬಂದ ಕಾಕಾ ‘ಏನೂ ಇಲ್ರಿ ಅದ್ರಾಗ’ ಅಂದದ್ದನ್ನು ನಂಬಿ ಮನೆಯಲ್ಲಿ ಹಾಕಿದರೆ ಬೇರೆಯೇ ಸಿನಿಮಾ ಬರಬಹುದು. ಟಿವಿಯ ಮಾತು ಇದಕ್ಕೆ ಉಲ್ಟಾ. ‘ಎ’ ಸಿನಿಮಾವನ್ನು ಹಾಗೆಯೇ ಟಿವಿಯಲ್ಲಿ ಹಾಕಲು ಬರುವುದಿಲ್ಲ, ಮತ್ತೆ ಸರ್ಟಿಫಿಕೇಟ್ ಮಾಡಿಸಬೇಕು. ಹಾಗೆ ಬರುವಾಗ ಕೋಣೆಯ ದೃಶ್ಯಗಳೇ ಮೊದಲು ಸವೆಯುತ್ತವೆ. ಹನ್ನೊಂದು, ಹನ್ನೆರಡರ ಮಕ್ಕಳು ‘ನೋಡಲೇಬೇಕು’ ಅಂತ ಹಟ ಹಿಡಿದರೆ ಟಿವಿಗೆ ಬರುವ ತನಕ ಕಾಯಿಸುವುದು ಒಳ್ಳೆಯ ಉಪಾಯ. ಜಾಹೀರಾತಿನ ಬಿಡುವು ಕೂಡ ಇಲ್ಲಿ ನಿಮ್ಮ ಪರವಾಗಿಯೇ ಕೆಲಸ ಮಾಡುತ್ತದೆ.

ಒಟಿಟಿಯಲ್ಲಿ ಶುರುವಿಗೆ ಮೇಲಿನ ಮೂಲೆಯಲ್ಲಿ ಕೆಲವು ಸೆಕೆಂಡು ಬಂದು ಹೋಗುವ ಸಣ್ಣ ಅಕ್ಷರದ ಸಾಲನ್ನು ಓದಿ. ಬರೀ ‘ಹಿಂಸೆ’ ಅಂತಿದ್ದರೆ ಒಂದು. ‘ಹಿಂಸೆ, ರಕ್ತಪಾತ, ಆತ್ಮಹತ್ಯೆ, ಲೈಂಗಿಕ ಹಿಂಸೆ’ ಅಂತ ಸಾಲು ಉದ್ದವಾದರೆ ಅದೇ ಉತ್ತರ, ಮುಂದೆ ಓದುವುದೇ ಬೇಡ. ವಿದೇಶಿ ಸಿನಿಮಾ ಆದರೆ ಅಮೆರಿಕದ, ಬ್ರಿಟನ್ನಿನ ಗುರುತೂ ಸಿಗುತ್ತದೆ. ಅಮೆರಿಕದ ‘ಆರ್’, ಬ್ರಿಟನ್ನಿನ ‘15’ ಇದ್ದ ಬೇಹುಗಾರರ ಸಿನಿಮಾ ಹನ್ನೆರಡರ ಒಳಗಿನವರಿಗೆ ಬೇಡವೇ ಬೇಡ. ‘ಪಿಜಿ-13’, ‘12ಎ’ ಆದರೆ ಕೋಣೆ ನೋಡಿ ಹೇಳಬೇಕು. ಬ್ರಿಟನ್ನಿನ ಮಂಡಳಿಯ ಜಾಲತಾಣದಲ್ಲಿ ಯಾವ ಥರದ ಗಾಯ, ಎಂಥ ಬೈಗುಳ, ಎಷ್ಟು ರಕ್ತ ಅಂತ ವಾಕ್ಯಗಳಲ್ಲೇ ಬರೆದಿರುತ್ತಾರೆ, ಬರೀ ವಯಸ್ಸಿನ ಅಂಕಿಗಿಂತ ಅದು ಉಪಯೋಗದ್ದು. ಐಎಂಡಿಬಿ ಎಂಬ ಸಿನಿಮಾ ಮಾಹಿತಿಯ ಜಾಲತಾಣದಲ್ಲಿ ಪ್ರತಿ ಸಿನಿಮಾಕ್ಕೂ ಹೆತ್ತವರ ಮಾರ್ಗದರ್ಶಿ ಅಂತ ಒಂದು ಪುಟ ಇದೆ. ಅಲ್ಲಿ ‘ಹಿಂಸೆ ಮತ್ತು ರಕ್ತ’ ಎಂಬ ಭಾಗಕ್ಕೆ ಎಲ್ಲರೂ ಮೊದಲು ಹೋಗುತ್ತಾರೆ. ನೀವು ಕೊನೆಯ ‘ಭಯ ಹುಟ್ಟಿಸುವ, ತೀವ್ರ ದೃಶ್ಯಗಳು’ ಎಂಬ ಭಾಗದಿಂದ ಶುರು ಮಾಡಿ. ಬೇಹುಗಾರರ ಸಿನಿಮಾದ ವಿಷ ಇರುವುದು ಅಲ್ಲಿ. ಕಥೆಯ ಗುಟ್ಟೂ ಅಲ್ಲೇ ಬಯಲಾಗುತ್ತದೆ, ಅದನ್ನು ಮನೆಯಲ್ಲಿ ಒಬ್ಬರು ಸಹಿಸಿಕೊಳ್ಳಬೇಕು.

ಟ್ರೇಲರ್ ಮಾತ್ರ ನಂಬಬೇಡಿ. ಯೂಟ್ಯೂಬಿಗೆ ಹಾಕುವ ಟ್ರೇಲರಿಗೆ ಸೆನ್ಸಾರ್ ಬೇಕಿಲ್ಲ, ಆದರೂ ಅದರಲ್ಲಿ ಬೈಕು, ರೈಲು, ಹೆಲಿಕಾಪ್ಟರ್, ದೊಡ್ಡ ಸದ್ದಿನ ಡೈಲಾಗ್ ಇವೇ ತುಂಬಿರುತ್ತವೆ. ನಾಲ್ಕು ನಿಮಿಷದ ಕೋಣೆಯ ದೃಶ್ಯ ಟ್ರೇಲರಿನಲ್ಲಿ ಒಂದು ಸೆಕೆಂಡಿನ ಕಿರುಚಾಟವಾಗಿ ಬಂದು ಹೋಗುತ್ತದೆ.

ಒಂದು ತಾಸಿನಲ್ಲಿ ಮುಂಚಿತವಾಗಿ ನೋಡಿಬಿಡುವುದು

ಒಟಿಟಿಯಲ್ಲಿ ಇದ್ದರೆ ಇಡೀ ಸಿನಿಮಾ ನೋಡಬೇಕಿಲ್ಲ. ಎರಡೂವರೆ ತಾಸಿನ, ಅಂದರೆ 150 ನಿಮಿಷದ ಸಿನಿಮಾ ಅಂತ ಇಟ್ಟುಕೊಳ್ಳಿ. ಈ ನಾಲ್ಕು ತುಂಡು ನೋಡಿ: ಮೊದಲ 12 ನಿಮಿಷ, ಮಧ್ಯಂತರದ ಹಿಂದೆ ಮುಂದೆ 10 ನಿಮಿಷ, 90ರಿಂದ 115ನೇ ನಿಮಿಷದ ತನಕ, ಮತ್ತು ಕೊನೆಯ 15 ನಿಮಿಷ. ಶುರುವಿನಲ್ಲಿ ಖಳನಾಯಕ ಎಂಥವನು ಅಂತ ತೋರಿಸಲು ಒಂದು ಕೊಲೆ ಇಟ್ಟಿರುತ್ತಾರೆ. ಬೇಹುಗಾರ ಸಿಕ್ಕಿಬೀಳುವುದು ಬಹುತೇಕ ಮುಕ್ಕಾಲು ಭಾಗದ ಹತ್ತಿರ, ಕೋಣೆ ಬರುವುದೂ ಆಗಲೇ. ಒಟ್ಟು 62 ನಿಮಿಷ. ಒಂದೂವರೆ ಪಟ್ಟು ವೇಗದಲ್ಲಿ ಓಡಿಸಿದರೆ 41 ನಿಮಿಷ. ಉಳಿದದ್ದನ್ನು 10 ಸೆಕೆಂಡಿನ ಗುಂಡಿ ಒತ್ತುತ್ತಾ ದಾಟಿಸಿ.

ಇಲ್ಲಿ ಒಂದು ತಪ್ಪು ಆಗುತ್ತದೆ. ವೇಗವಾಗಿ ಓಡಿಸಿದಾಗ, ಸದ್ದು ಬಂದ್ ಮಾಡಿದಾಗ ಎಂಥ ಕ್ರೌರ್ಯವೂ ಹಗುರ ಕಾಣುತ್ತದೆ, ಒಮ್ಮೊಮ್ಮೆ ನಗುವೂ ಬರುತ್ತದೆ. ‘ಇಷ್ಟೇನಾ’ ಅಂತ ಪಾಸು ಮಾಡಿಬಿಡುತ್ತೀರಿ. ಕೋಣೆಯ ದೃಶ್ಯ ಸಿಕ್ಕ ಕೂಡಲೇ ಹಿಂದೆ ಹೋಗಿ, ವೇಗ ಮಾಮೂಲಿಗೆ ತಂದು, ಸದ್ದು ಏರಿಸಿ, ಲೈಟು ಆರಿಸಿ ನೋಡಿ. ಮಗು ನೋಡುವುದು ಹಾಗೆ.

ಕೋಣೆಯನ್ನು ಅಳೆಯುವುದು

ಒಂದು ಮಾದರಿ ದೃಶ್ಯ ತೆಗೆದುಕೊಳ್ಳೋಣ. ಬಾಗಿಲು ಕಿರ್ರೆನ್ನುತ್ತದೆ. ಅಧಿಕಾರಿ ಕೋಟು ಬಿಚ್ಚಿ ಗೂಟಕ್ಕೆ ನೇತುಹಾಕಿ, ತೋಳು ಮಡಚಿ, ನಿಧಾನಕ್ಕೆ ಚಹಾ ಹೀರುತ್ತಾನೆ. ನಳದಿಂದ ನೀರು ತೊಟ್ಟಿಕ್ಕುತ್ತಿದೆ. ಕಟ್ಟಿಸಿಕೊಂಡವನ ಬೆರಳುಗಳು ಕುರ್ಚಿಯ ಕೈ ಮೇಲೆ ಅದುರುತ್ತಿವೆ, ಕ್ಯಾಮೆರಾ ಆ ಬೆರಳಿನ ಮೇಲೆ ನಿಲ್ಲುತ್ತದೆ. ಇಕ್ಕಳ ಮೇಲೆದ್ದಿತು. ಇಲ್ಲಿಂದ ಮುಂದೆ ಮೂರು ದಾರಿ. ಒಬ್ಬ ನಿರ್ದೇಶಕ ಹೊರಗಿನ ಪಡಸಾಲೆಗೆ ಕ್ಯಾಮೆರಾ ತಿರುಗಿಸಿ ಒಂದು ಕೂಗು ಕೇಳಿಸಿ ಬಿಡುತ್ತಾನೆ. ಇನ್ನೊಬ್ಬ ಮುಖ ತೋರಿಸುತ್ತಾನೆ, ಬೆರಳು ತೋರಿಸುವುದಿಲ್ಲ. ಮೂರನೆಯವನು ಉಗುರನ್ನೇ ತೋರಿಸುತ್ತಾನೆ. ಕಥೆಗೆ ಮೂರೂ ಒಂದೇ, ಮಗುವಿಗೆ ಮೂರು ಬೇರೆ ಬೇರೆ ಸಿನಿಮಾ.

ಮೊಬೈಲಿನ ಸ್ಟಾಪ್‌ವಾಚ್ ಹಿಡಿದು, ನೋಟ್‌ಬುಕ್ಕಿನ ಒಂದು ಹಾಳೆಯಲ್ಲಿ ಮೂರು ಕಂಬ ಎಳೆಯಿರಿ. ಮೊದಲನೆಯದು ಹೊತ್ತು: ಕೋಣೆಯೊಳಗೆ 30 ಸೆಕೆಂಡಿಗಿಂತ ಕಡಿಮೆ ಇದ್ದರೆ 0, ಒಂದೂವರೆ ನಿಮಿಷದ ತನಕ 1, ಅದರಾಚೆಗೆ 2. ಹೊತ್ತು ಎಣಿಸುವುದು ಬಾಗಿಲು ಕಿರ್ರೆಂದಾಗಿನಿಂದ, ಮೊದಲ ಏಟಿನಿಂದಲ್ಲ. ಕಾಯಿಸುವುದೇ ಹಿಂಸೆಯ ದೊಡ್ಡ ಪಾಲು. ಎರಡನೆಯದು ದೂರ: ಬಾಗಿಲು ಮುಚ್ಚಿ ಸದ್ದು ಮಾತ್ರ ಬಂದರೆ 0, ಮನುಷ್ಯ ಕಂಡು ಗಾಯ ಕಾಣದಿದ್ದರೆ 1, ಗಾಯವೇ ಕಂಡರೆ 2. ಮೂರನೆಯದು ಯಾರು: ಹೆಸರಿಲ್ಲದ ಪಾತ್ರಕ್ಕೆ ಖಳ ಹೊಡೆದರೆ 0, ಮಗು ಅಷ್ಟೊತ್ತಿಗೆ ಹಚ್ಚಿಕೊಂಡ ಪಾತ್ರಕ್ಕೆ ಹೊಡೆದರೆ 1, ನಾಯಕನೇ ಹಿಂಸೆ ಕೊಟ್ಟು, ಹಿನ್ನೆಲೆಯಲ್ಲಿ ಡೋಲು ಬಾರಿಸಿ ಸಿನಿಮಾ ಅವನಿಗೆ ಶಹಬ್ಬಾಸ್ ಅಂದರೆ 2.

ನಾಯಕನಿಗೆ ಯಾಕೆ ಹೆಚ್ಚು ಅಂತ ಕೇಳಬಹುದು. ಖಳನ ಕ್ರೌರ್ಯ ಮಗುವಿಗೆ ಹೆದರಿಕೆ ಹುಟ್ಟಿಸುತ್ತದೆ, ಹೆದರಿಕೆ ನಾಲ್ಕು ದಿನಕ್ಕೆ ಇಳಿಯುತ್ತದೆ. ನಾಯಕನ ಕ್ರೌರ್ಯ ಒಂದು ಪಾಠ ಕಲಿಸುತ್ತದೆ: ಹೊಡೆದರೆ ಸತ್ಯ ಹೊರಬರುತ್ತದೆ ಅಂತ. ಖರೆ ಅಂದರೆ ನೋವು ತಾಳದವನು ಏನು ಕೇಳಿದರೂ ಹೌದು ಅನ್ನುತ್ತಾನೆ, ಸುಳ್ಳು ಹೆಸರನ್ನೂ ಹೇಳುತ್ತಾನೆ. ಸಿನಿಮಾದಲ್ಲಿ ಮಾತ್ರ ಎರಡು ಏಟಿಗೆ ಬಾಂಬಿನ ವಿಳಾಸ ಸಿಗುತ್ತದೆ.

ಮೂರು ಕಂಬ ಕೂಡಿಸಿ. 0 ಅಥವಾ 1 ಬಂದರೆ ಹತ್ತು ತುಂಬಿದವರು ದೊಡ್ಡವರ ಜತೆ ನೋಡಬಹುದು. 2, 3 ಬಂದರೆ ಹದಿಮೂರರ ಮೇಲೆ. 4 ಬಂದರೆ ಹದಿನಾರರ ಮೇಲೆ. 5, 6 ಬಂದರೆ ಮಕ್ಕಳು ಮಲಗಿದ ಮೇಲೆ. ಇದು ಕೈಯಳತೆ, ತಕ್ಕಡಿಯಲ್ಲ. ಸರ್ಟಿಫಿಕೇಟ್ ಇದಕ್ಕಿಂತ ಬಿಗಿ ಇದ್ದರೆ ಸರ್ಟಿಫಿಕೇಟೇ ಗೆಲ್ಲಬೇಕು. ಮೂರು ಸಂಗತಿ ಈ ಲೆಕ್ಕಕ್ಕೆ ಬರುವುದೇ ಇಲ್ಲ, ಕಂಡರೆ ಚಿಕ್ಕ ಮಕ್ಕಳಿಗೆ ಸಿನಿಮಾ ಅಲ್ಲಿಗೇ ರದ್ದು: ಮಗುವಿಗೆ ಆಗುವ ಹಿಂಸೆ, ಹೆಂಗಸಿನ ಮೇಲಿನ ಬಲಾತ್ಕಾರ ಅಥವಾ ಅದರ ಬೆದರಿಕೆ, ಮತ್ತು ಗುಟ್ಟು ಕಾಯಲು ಬೇಹುಗಾರ ವಿಷ ನುಂಗುವುದು. ಕೊನೆಯದನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ. ಸಂಗೀತ ಏರುತ್ತದೆ, ಧ್ವಜ ಹಾರುತ್ತದೆ, ಸಾವು ಸುಂದರವಾಗಿ ಕಾಣುತ್ತದೆ. ಪರೀಕ್ಷೆಯಲ್ಲಿ ಫೇಲಾಗಿಯೋ ಮನೆಯಲ್ಲಿ ಬೈಸಿಕೊಂಡೋ ಮನಸ್ಸು ಕುಗ್ಗಿದ ಹದಿನಾಲ್ಕರ ಹುಡುಗನ ಮುಂದೆ ಆ ದೃಶ್ಯ ಇಡಬಾರದು, ಸಿನಿಮಾ ಎಷ್ಟೇ ದೊಡ್ಡದಿರಲಿ.

ಕೋಣೆ ಇಲ್ಲದ ಬೇಹುಗಾರರ ಸಿನಿಮಾಗಳೂ ಇವೆ. ಗುಪ್ತಲಿಪಿ ಬಿಡಿಸುವವರ ಕಥೆ, ವೈರ್‌ಲೆಸ್ ಕಥೆ, ಸುಳ್ಳು ಸುದ್ದಿ ಹರಡಿ ಶತ್ರುವನ್ನು ದಾರಿ ತಪ್ಪಿಸುವ ಕಥೆ, ಇವು ಮನೆಮಂದಿಗೆ ಚೆನ್ನಾಗಿ ಹೊಂದುತ್ತವೆ. ಅವುಗಳ ತೊಂದರೆ ಬೇರೆ, ಹತ್ತರ ಒಳಗಿನವರಿಗೆ ಬೇಸರ ಬರುತ್ತದೆ. ಸೂಟು ಬೂಟಿನ ನಾಯಕ ಹತ್ತು ದೇಶ ಸುತ್ತಿ ನೂರು ಜನರನ್ನು ಕೆಡವುವ ಸಿನಿಮಾದಲ್ಲಿ ಹೆಣ ಜಾಸ್ತಿ, ಕೋಣೆ ಕಡಿಮೆ. ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಶತ್ರುದೇಶದಲ್ಲಿ ಹೆಸರು ಬದಲಿಸಿ, ಅಲ್ಲೇ ಸಂಸಾರ ಹೂಡಿ ಬದುಕುವ ಬೇಹುಗಾರನ ಕಥೆಗೆ. ರಕ್ತ ಕಡಿಮೆ ಇದ್ದರೂ ನಂಬಿದ ಹೆಂಡತಿಗೆ, ನಂಬಿದ ಮಗುವಿಗೆ ಮೋಸ ಮಾಡುವುದು ಅದರ ತಿರುಳು. ಏಳೆಂಟರ ಮಗು ಕೇಳುವುದು ‘ಅಪ್ಪಾ, ನೀನೂ ಹಂಗ ಬ್ಯಾರೆ ಯಾರರ ಇದ್ದೀಯೇನು?’ ಅಂತ. ಆ ಪ್ರಶ್ನೆ ಯಾವ ಸರ್ಟಿಫಿಕೇಟಿನಲ್ಲೂ ಬರೆದಿರುವುದಿಲ್ಲ.

ಯಾವ ವಯಸ್ಸಿಗೆ ಏನು ಕಚ್ಚುತ್ತದೆ

ಏಳರ ಒಳಗಿನ ಮಗುವಿಗೆ ಕಣ್ಣಿಗೆ ಕಂಡದ್ದೇ ಖರೆ. ಸುಟ್ಟ ಮುಖ, ದೊಡ್ಡ ಸದ್ದು, ಅವ್ವನಿಂದ ಬೇರೆಯಾಗುವ ಮಗು, ಇಷ್ಟೇ ಅದಕ್ಕೆ ಗೊತ್ತಾಗುವುದು, ಕಥೆಯಲ್ಲ. ‘ಇದೆಲ್ಲ ಸುಳ್ಳು’ ಅಂತ ಹೇಳಿ ಅದನ್ನು ಸಮಾಧಾನ ಮಾಡಲಾಗುವುದಿಲ್ಲ. ಬೀದರಿನ ಮನೆಗಳಿಗೆ ಇಲ್ಲೊಂದು ಮಾತು: ವಾಯುಪಡೆಯ ತರಬೇತಿ ನೆಲೆಯಿಂದ ಏಳುವ ಹಾಕ್ ವಿಮಾನಗಳ ಸದ್ದು ಅಲ್ಲಿನ ಮಕ್ಕಳಿಗೆ ದಿನನಿತ್ಯದ್ದು, ಸೂರ್ಯಕಿರಣ ತಂಡದ ಕಸರತ್ತು ನೋಡಿ ಚಪ್ಪಾಳೆ ತಟ್ಟಿ ಬೆಳೆದವರು. ರಾತ್ರಿ ಸಿನಿಮಾದಲ್ಲಿ ವಿಮಾನ ಬಂದು ಊರು ಸುಡುವುದನ್ನು ಕಂಡ ಐದು ವರ್ಷದ ಮಗು ಮರುದಿನ ಅದೇ ಸದ್ದಿಗೆ ಮಂಚದ ಕೆಳಗೆ ಹೋಗಬಹುದು. ಕೈ ಹಿಡಿದು ಮಾಳಿಗೆಗೆ ಕರೆದೊಯ್ದು ವಿಮಾನ ತೋರಿಸಿ, ಒಳಗೆ ಕೂತವರು ವಿಮಾನ ನಡೆಸುವುದನ್ನು ಕಲಿಯುತ್ತಿದ್ದಾರೆ ಅಂತ ಹೇಳಿ.

ಎಂಟರಿಂದ ಹನ್ನೆರಡರ ಮಕ್ಕಳಿಗೆ ಭೂತ ಬೇತಾಳದ ಹೆದರಿಕೆ ಇಳಿದು, ನಿಜವಾಗಿ ಆಗಬಹುದಾದದ್ದರ ಹೆದರಿಕೆ ಹತ್ತಿರುತ್ತದೆ. ‘ನೈಜ ಘಟನೆ ಆಧಾರಿತ’ ಅಂತ ಪರದೆ ಮೇಲೆ ಬಂದರೆ ಇಕ್ಕಳವೂ ನೈಜವೇ ಅಂದುಕೊಳ್ಳುತ್ತಾರೆ. ಆ ಸಾಲು ಸಾಮಾನ್ಯವಾಗಿ ಸಾಧಿಸುವುದು ಇಷ್ಟೇ: ಯುದ್ಧ ನಡೆದದ್ದು, ಊರು, ವರ್ಷ ಖರೆ. 1971ರ ಯುದ್ಧ ಡಿಸೆಂಬರ್ 3ಕ್ಕೆ ಶುರುವಾಗಿ 16ಕ್ಕೆ ಢಾಕಾದಲ್ಲಿ ಶರಣಾಗತಿಯೊಂದಿಗೆ ಮುಗಿದದ್ದು ಇತಿಹಾಸ. ನಡುವೆ ನಾಯಕ ಒಬ್ಬನೇ ಹಡಗು ಮುಳುಗಿಸಿದ್ದು ಸಿನಿಮಾ. ನೋಡುವ ಮುಂಚೆಯೇ ಈ ಗೆರೆ ಎಳೆದು ಹೇಳಿಬಿಡಿ, ಆಮೇಲೆ ಹೇಳಿದರೆ ಅರ್ಧ ಪರಿಣಾಮ. ಈ ವಯಸ್ಸಿಗೆ ರಕ್ತ ಹೇಗೆ ಮಾಡುತ್ತಾರೆ ಅಂತ ವಿವರಿಸುವುದೂ ಕೆಲಸಕ್ಕೆ ಬರುತ್ತದೆ. ಗಟ್ಟಿ ಸಕ್ಕರೆ ಪಾಕಕ್ಕೆ ಕೆಂಪು ಬಣ್ಣ, ಅಂಗಿಯೊಳಗೆ ಪಟಾಕಿಯಂಥ ಪುಟ್ಟ ಸ್ಫೋಟಕ, ಅದರ ಮೇಲೆ ಬಣ್ಣದ ಚೀಲ.

ಹದಿಮೂರರ ಮೇಲಿನವರಿಗೆ ಹೆದರಿಕೆಗಿಂತ ಪ್ರಶ್ನೆ ಜಾಸ್ತಿ. ‘ಸೈನಿಕನನ್ನು ಸೆರೆ ಇಡುತ್ತಾರೆ, ಬೇಹುಗಾರನನ್ನು ಯಾಕೆ ಗುಂಡಿಟ್ಟು ಕೊಲ್ಲುತ್ತಾರೆ?’ ಅಂತ ಕೇಳಿದರೆ ಉತ್ತರ ಇದೆ. ಸಮವಸ್ತ್ರ ಇಲ್ಲದೆ ವೇಷ ಮರೆಸಿ ಸಿಕ್ಕವನಿಗೆ ಯುದ್ಧಕೈದಿಯ ರಕ್ಷಣೆ ಸಿಗುವುದಿಲ್ಲ. ಆದರೂ ವಿಚಾರಣೆ ನಡೆಸದೆ ಶಿಕ್ಷಿಸುವಂತಿಲ್ಲ ಅಂತ ಯುದ್ಧದ ಬಗ್ಗೆ ದೇಶಗಳು ಒಪ್ಪಿಕೊಂಡ 1907ರ ಹೇಗ್ ನಿಯಮಗಳಲ್ಲೇ ಇದೆ. ನಿಜವಾದ ಬೇಹುಗಾರರ ಕೆಲಸ ಹೇಗಿತ್ತು ಅಂತ ಕೇಳಿದರೆ ನೂರ್ ಇನಾಯತ್ ಖಾನ್ ಕಥೆ ಹೇಳಿ. ಟಿಪ್ಪು ಸುಲ್ತಾನನ ವಂಶದವಳು, ಬ್ರಿಟಿಷರ ಪರವಾಗಿ 1943ರಲ್ಲಿ ಜರ್ಮನರ ಕೈಯಲ್ಲಿದ್ದ ಪ್ಯಾರಿಸ್ಸಿನಲ್ಲಿ ವೈರ್‌ಲೆಸ್ ನಡೆಸಿದವಳು. ಅಂಥವರು ಹೊತ್ತು ತಿರುಗುತ್ತಿದ್ದ ಒಂದು ಬಗೆಯ ಪೆಟ್ಟಿಗೆ ರೇಡಿಯೊ ಸುಮಾರು 15 ಕಿಲೋ ತೂಗುತ್ತಿತ್ತು. ಹೆಚ್ಚು ಹೊತ್ತು ಸಂದೇಶ ಕಳಿಸಿದರೆ ದಿಕ್ಕು ಹುಡುಕುವ ಗಾಡಿಗಳು ಮನೆ ಬಾಗಿಲಿಗೇ ಬರುತ್ತಿದ್ದವು. ಅವಳನ್ನು 1944ರ ಸೆಪ್ಟೆಂಬರ್ 13ರಂದು ಜರ್ಮನಿಯ ಡಕಾವ್ ಸೆರೆಶಿಬಿರದಲ್ಲಿ ಕೊಂದರು, ವಯಸ್ಸು 30. ಬ್ರಿಟನ್ 1949ರಲ್ಲಿ ಜಾರ್ಜ್ ಕ್ರಾಸ್ ಎಂಬ ಶೌರ್ಯ ಪದಕ ಕೊಟ್ಟಿತು. ಬೈಕು ಹಾರಿಸುವ ನಾಯಕನ ಪಕ್ಕದಲ್ಲಿ ಈ ಪೆಟ್ಟಿಗೆ ಇಟ್ಟು ನೋಡಿದರೆ ಹುಡುಗರಿಗೆ ತಾವಾಗಿಯೇ ಹೊಳೆಯುತ್ತದೆ.

ಭಾಷೆಯ ಸಂಗತಿ ನಮ್ಮ ಕಲಬುರಗಿ, ಯಾದಗಿರಿ, ಬೀದರ ಜಿಲ್ಲೆಗಳಲ್ಲಿ ಸ್ವಲ್ಪ ಬೇರೆ. ದಕ್ಖನಿ ಉರ್ದು ಓಣಿಯಲ್ಲೇ ಕಿವಿಗೆ ಬೀಳುವುದರಿಂದ ಹಿಂದಿ ಸಿನಿಮಾದ ಬೈಗುಳ ಇಲ್ಲಿನ ಮಕ್ಕಳಿಗೆ ಅಕ್ಷರಕ್ಷರ ತಿಳಿಯುತ್ತದೆ, ಎರಡು ದಿನದಲ್ಲಿ ಶಾಲೆಯಲ್ಲೂ ಕೇಳಿಬರುತ್ತದೆ. ಕನ್ನಡಕ್ಕೆ ಡಬ್ ಆದದ್ದು ಸಿಕ್ಕರೆ ಅದನ್ನೇ ಹಾಕಿ, ಬೈಗುಳ ಬಹುತೇಕ ಮೆತ್ತಗಾಗಿರುತ್ತದೆ. ದೃಶ್ಯ ಮಾತ್ರ ಮೆತ್ತಗಾಗುವುದಿಲ್ಲ.

ಹಿರಿಯರು, ನೆರೆಮನೆ

ಮನೆಮಂದಿ ಅಂದರೆ ಮಕ್ಕಳಷ್ಟೇ ಅಲ್ಲ. ಎಂಬತ್ತೈದು ದಾಟಿದ ಮುತ್ಯಾ, ಆಯಿ ಇದ್ದರೆ ಅವರು ಇಲ್ಲಿ ನಿಜಾಮನ ಆಳ್ವಿಕೆ ಮುಗಿದ 1948 ಕಂಡವರು. ನಿಜಾಮನ ಪರದ ರಜಾಕಾರರ ಹಾವಳಿಯಲ್ಲಿ ಮನೆ ಬಿಟ್ಟು ಓಡಿದ ಮನೆತನಗಳಿವೆ. ಸೆಪ್ಟೆಂಬರ್ 13ರಿಂದ 17ರ ತನಕ ನಡೆದ ಭಾರತ ಸೇನೆಯ ಪೊಲೀಸ್ ಆ್ಯಕ್ಷನ್ ಹೊತ್ತಿನಲ್ಲಿ, ಅದರ ಬೆನ್ನಿಗೆ ತಮ್ಮವರನ್ನು ಕಳೆದುಕೊಂಡ ಮುಸ್ಲಿಂ ಮನೆತನಗಳೂ ಇವೆ. ಬೂಟಿನ ಸದ್ದು, ನಡುರಾತ್ರಿ ಬಾಗಿಲು ಬಡಿಯುವುದು, ಹೊತ್ತಿ ಉರಿಯುವ ಕಣಕಿ ಬಣವೆ, ಇಂಥ ದೃಶ್ಯ ಬಂದಾಗ ಅವರು ಸುಮ್ಮನೆ ಎದ್ದು ಒಳಗೆ ಹೋದರೆ ‘ಯಾಕ ಮುತ್ಯಾ, ನಿದ್ದಿ ಬಂತೇನು?’ ಅಂತ ಕರೆಯಬೇಡಿ. ಮೊದಲೇ ಕೇಳುವುದು ಒಳ್ಳೆಯದು: ‘ಊರು ಸುಡೂದು ಅದ, ನೋಡ್ತೀರೇನು?’ ಅಂತ. ಕೆಲವರು ಕೂತು ನೋಡಿ ಎಂದೂ ಹೇಳದ ಕಥೆ ಹೇಳುತ್ತಾರೆ. ಕೆಲವರಿಗೆ ಬೇಡ. ಎರಡೂ ಅವರ ಇಷ್ಟ. ಸೈನ್ಯದಿಂದ ನಿವೃತ್ತರಾಗಿ ಬಂದವರಿಗೂ ಇದೇ ಮಾತು, ಅವರನ್ನು ಹುರುಪಿನಿಂದ ಎಳೆದೊಯ್ಯುವುದು ಬೇಡ.

ಶತ್ರುವನ್ನು ಹೇಗೆ ಚಿತ್ರಿಸಿದ್ದಾರೆ ಎಂಬುದನ್ನು ಮುಂಚಿತ ನೋಟದಲ್ಲೇ ಗುರುತು ಹಾಕಿ. ಟೋಪಿ, ಗಡ್ಡ, ನಮಾಜು ತೋರಿಸಿದ ಪ್ರತಿ ಸಲವೂ ಅಪಾಯದ ಸಂಗೀತ ಬರುತ್ತದೆಯೇ? ಶತ್ರುದೇಶದಲ್ಲಿ ಒಬ್ಬನಾದರೂ ಒಳ್ಳೆಯ ಮನುಷ್ಯ ಇದ್ದಾನೆಯೇ? ಬಂದೇನವಾಜ್ ಉರುಸಿಗೂ ಶರಣಬಸವೇಶ್ವರ ಜಾತ್ರೆಗೂ ಒಂದೇ ಗೆಳೆಯರ ಜತೆ ಹೋಗಿ ಬರುವ ಒಂಬತ್ತರ ಹುಡುಗ ಸಿನಿಮಾ ಮುಗಿಸಿ ಬಂದು ಪಕ್ಕದ ಮನೆಯ ಚಾಚಾನ ಕಡೆ ಬೇರೆ ಥರ ನೋಡಿದರೆ ಆ ಸಿನಿಮಾ ಯು ಸರ್ಟಿಫಿಕೇಟಿನದಾದರೂ ಮನೆಗೆ ಹೊಂದಲಿಲ್ಲ ಅಂತಲೇ. ನೆರೆಮನೆಯ ಮಕ್ಕಳೂ ಟಿವಿ ಮುಂದೆ ಬಂದು ಕೂರುವ ಮನೆಯಾದರೆ ಇದನ್ನು ಅವರ ಕಣ್ಣಿನಿಂದಲೂ ಒಮ್ಮೆ ನೋಡಬೇಕು.

ಸದ್ದು, ಸೀಟು, ಹೊತ್ತು

ಥಿಯೇಟರಿನ ಧ್ವನಿಯ ಮಾನದಂಡ 85 ಡೆಸಿಬೆಲ್, ಸ್ಫೋಟದ ಗಳಿಗೆಯಲ್ಲಿ ಒಂದೊಂದು ಚಾನೆಲ್ 105ರ ತನಕ ಏರಬಹುದು. ಐದರ ಒಳಗಿನ ಮಗುವಿಗೆ ಸಿನಿಮಾದ ಹಿಂಸೆಗಿಂತ ಈ ಸದ್ದೇ ಹಿಂಸೆ. ಹಿಂದಿನ ಸಾಲಿನಲ್ಲಿ, ನಡೆದಾಡುವ ದಾರಿಯ ಪಕ್ಕದ ಸೀಟು ತೆಗೆದುಕೊಳ್ಳಿ, ಮಗು ನಡುವೆ ಅಲ್ಲ, ದಾರಿಯ ಕಡೆ ಕೂತ ದೊಡ್ಡವರ ಪಕ್ಕದಲ್ಲಿ ಇರಲಿ. ಹತ್ತು ಜನ ಹೋಗುವಾಗ ‘ಎದ್ದು ಹೋಗಬೇಕಾದರೆ ಹೊರಗೆ ಯಾರು’ ಅಂತ ಮೊದಲೇ ಒಬ್ಬರನ್ನು ಗೊತ್ತು ಮಾಡಿ. ಇಲ್ಲದಿದ್ದರೆ ಕತ್ತಲಲ್ಲಿ ‘ನೀ ಹೋಗು, ನೀ ಹೋಗು’ ಅನ್ನುವಷ್ಟರಲ್ಲಿ ದೃಶ್ಯವೇ ಮುಗಿದಿರುತ್ತದೆ.

ಮನೆಯಲ್ಲಿ ಸದ್ದಿನ ಇನ್ನೊಂದು ಕಿರಿಕಿರಿ. ಬೇಹುಗಾರರು ಪಿಸುಗುಡುತ್ತಾರೆ, ಕೇಳುತ್ತಿಲ್ಲ ಅಂತ ವಾಲ್ಯೂಮ್ 15ರಿಂದ 30ಕ್ಕೆ ಏರಿಸುತ್ತೀರಿ, ಮರುಗಳಿಗೆ ಬಾಂಬು. ಟಿವಿಯ ಸೌಂಡ್ ಸೆಟ್ಟಿಂಗಿನಲ್ಲಿ ನೈಟ್ ಮೋಡ್ ಅಥವಾ ಆಟೋ ವಾಲ್ಯೂಮ್ ಇದ್ದರೆ ಆನ್ ಮಾಡಿ. ಪಿಸುಮಾತು ಏರುತ್ತದೆ, ಸ್ಫೋಟ ಇಳಿಯುತ್ತದೆ. ಲೈಟು ಪೂರ್ತಿ ಆರಿಸಬೇಡಿ. ರಾತ್ರಿ ಒಂಬತ್ತರ ಆಟಕ್ಕಿಂತ ಬೆಳಿಗ್ಗೆ ಅಥವಾ ಮಧ್ಯಾಹ್ನದ್ದು ಒಳ್ಳೆಯದು. ನೋಡಿದ್ದಕ್ಕೂ ಮಲಗುವುದಕ್ಕೂ ನಡುವೆ ಆಟ, ಊಟ, ಜಗಳ ಇಷ್ಟಾದರೂ ಬಿದ್ದರೆ ಮನಸ್ಸು ಹಗುರಾಗುತ್ತದೆ.

ಎಷ್ಟು ಅಳೆದರೂ ಒಂದು ದೃಶ್ಯ ಕಣ್ತಪ್ಪಿ ಬಂದುಬಿಡುತ್ತದೆ. ಆಗ ಕಣ್ಣು ಮುಚ್ಚಿಸುವುದು ಎಲ್ಲರೂ ಮಾಡುವ ಕೆಲಸ. ಕಿವಿ ತೆರೆದೇ ಇರುತ್ತದೆ, ನಡುವೆ ಕಣ್ಣು ಮುಚ್ಚಿಸಿದರೆ ಕೂಗು ಇನ್ನೂ ದೊಡ್ಡದಾಗುತ್ತದೆ. ಮನೆಯಲ್ಲಾದರೆ ನಿಲ್ಲಿಸಿ, ಲೈಟು ಹಾಕಿ, ನೀರು ತರಲು ಕಳಿಸಿ. ಥಿಯೇಟರಿನಲ್ಲಾದರೆ ಎರಡೂ ಕೈಯಿಂದ ಕಿವಿ ಮುಚ್ಚಿ ಮುಖವನ್ನು ನಿಮ್ಮ ಎದೆಗೆ ಒತ್ತಿಕೊಳ್ಳಿ, ಅಥವಾ ಎದ್ದು ಹೊರಗೆ ಹೋಗಿ. ಟಿಕೆಟ್ ದುಡ್ಡು ವಾಪಸ್ ಬರುವುದು ಅಪರೂಪ, ಆದರೂ ಹೋಗಿ. ಹೆದರಿದ ಮಗುವನ್ನು ಅಣ್ಣ ತಮ್ಮಂದಿರ ಮುಂದೆ ‘ಹೆದರುಪುಕ್ಕಲ’ ಅಂದರೆ ಅದು ಮುಂದಿನ ಸಲ ಹೆದರಿಕೆ ಬಚ್ಚಿಡುವುದನ್ನು ಕಲಿಯುತ್ತದೆ ಅಷ್ಟೇ.

ನೋಡಿ ಬಂದ ಮೇಲಿನ ನಾಲ್ಕು ದಿನ

ನಿದ್ದೆಯಲ್ಲಿ ಬೆಚ್ಚುವುದು, ಒಂದೆರಡು ರಾತ್ರಿ ಹಾಸಿಗೆ ಒದ್ದೆಯಾಗುವುದು, ಬಚ್ಚಲಿಗೆ ಒಬ್ಬರೇ ಹೋಗಲು ಹಿಂದೇಟು, ಇವು ತಾವಾಗಿಯೇ ಹೋಗುತ್ತವೆ. ಮೂರು ನಾಲ್ಕು ವಾರ ಎಳೆದರೆ, ಅಥವಾ ಮಗು ಊಟ, ಶಾಲೆ ಬಿಟ್ಟರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ದುಡ್ಡು ಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಒಟಿಟಿಗೆ ಬೀಗ ಹಾಕುವುದು ಸುಲಭ. ನೆಟ್‌ಫ್ಲಿಕ್ಸ್‌ನಲ್ಲಿ ಮಕ್ಕಳ ಪ್ರೊಫೈಲಿಗೆ ವಯಸ್ಸಿನ ಮಿತಿ ಇಟ್ಟು, ಆ ಒಂದು ಸಿನಿಮಾದ ಹೆಸರನ್ನೇ ತಡೆಯಲೂಬಹುದು. ಆದರೆ ನಿಮ್ಮ ಪ್ರೊಫೈಲಿಗೆ ನಾಲ್ಕಂಕಿಯ ಪಿನ್ ಹಾಕದಿದ್ದರೆ ಮಕ್ಕಳು ಅದರೊಳಗೆ ಹೋಗಿ ನೋಡುತ್ತಾರೆ, ಹೆಚ್ಚಿನವರು ಮರೆಯುವುದು ಇದನ್ನೇ. ಇನ್ನೂ ದೊಡ್ಡ ಕಿಂಡಿ ಯೂಟ್ಯೂಬ್ ಶಾರ್ಟ್ಸ್. ನೀವು ಬೇಡವೆಂದು ಬಿಟ್ಟ ಸಿನಿಮಾದ ಅದೇ ಕೋಣೆಯ ದೃಶ್ಯ ಅಲ್ಲಿ 40 ಸೆಕೆಂಡಿನ ತುಂಡಾಗಿ ಮೇಲಿಂದ ಮೇಲೆ ಬರುತ್ತದೆ, ಹಿಂದೆ ಮುಂದೆ ಕಥೆಯೂ ಇಲ್ಲದೆ. ಸಿನಿಮಾ ಬಿಡುಗಡೆಯಾದ ಮೊದಲ ಎರಡು ವಾರ ಮೊಬೈಲು ಯಾರ ಕೈಯಲ್ಲಿ ಎಷ್ಟು ಹೊತ್ತು ಇದೆ ಅಂತ ಕಣ್ಣಿಡಿ.

ಮಕ್ಕಳು ಆಡುವ ಆಟ ಗಮನಿಸಿ. ಬಂದೂಕಿನ ಢಿಶುಂ ಢಿಶುಂ ಆಡಿದರೆ ಚಿಂತೆಯಿಲ್ಲ. ಓಢಣಿಯಿಂದ ತಂಗಿಯ ಕೈ ಕಟ್ಟುವುದು, ಬಾಯಿಗೆ ಟೇಪ್ ಹಚ್ಚುವುದು, ದಿಂಬು ಒತ್ತುವುದು, ಹಿಂದಿನಿಂದ ಬಂದು ಕುತ್ತಿಗೆಗೆ ತೋಳು ಬಿಗಿಯುವುದು, ಇವನ್ನು ಕಂಡ ಕೂಡಲೇ ನಿಲ್ಲಿಸಿ. ಬೇಹುಗಾರರ ಸಿನಿಮಾದಿಂದ ಮಕ್ಕಳು ಕಲಿತು ಬರುವ ಆಟ ಇವೇ, ಕತ್ತು ಬಿಗಿಯುವುದಕ್ಕೆ ತಮಾಷೆ ಅಂತ ಇಲ್ಲ. ಇನ್ನೊಂದು ಇದೆ, ಯಾರಿಗೂ ಹೊಳೆಯುವುದಿಲ್ಲ. ಕಾಲರಿನಲ್ಲಿ ಬಚ್ಚಿಟ್ಟ ವಿಷದ ಗುಳಿಗಿ ಕಚ್ಚುವ ದೃಶ್ಯ ನೋಡಿದ ಐದಾರು ವರ್ಷದ ಮಗು ‘ನಾ ಸಿಕ್ಕೆ, ನಾ ಗುಳಿಗಿ ತಿಂದೆ’ ಅಂತ ಆಡುತ್ತದೆ. ಆಟಕ್ಕೆ ಪೆಪ್ಪರಮಿಂಟ್ ಸಿಗದಿದ್ದರೆ ಕೈಗೆ ಸಿಗುವುದು ಆಯಿಯ ಬಿಪಿ, ಶುಗರ್ ಗುಳಿಗಿ, ದೇವರ ಕೋಣೆಯ ಮಾಡಿನಲ್ಲೋ ತಲೆದಿಂಬಿನ ಕೆಳಗೋ. ಸಿನಿಮಾ ಮುಗಿದ ಸಂಜೆಯೇ ಆ ಪಟ್ಟಿಗಳನ್ನು ಎಣಿಸಿ, ಎತ್ತರದ ಅಲಮಾರಿಯಲ್ಲಿಟ್ಟು ಕೀಲಿ ಹಾಕಿ, ಕೀಲಿಯನ್ನು ಆಯಿಯ ಸೊಂಟಕ್ಕೇ ಕೊಡಿ.